ಪರರ ಕಲಹ, ನಮ್ಮ ಬೊಕ್ಕಸ

ಸಿರಿಯಾ ದೇಶದಲ್ಲಿ 2011ರಲ್ಲಿ ಹೊತ್ತಿದ ಅಂತಃಕಲಹದಲ್ಲಿ ಅಮೆರಿಕವೂ ರಷ್ಯವೂ ಇದಿರು ಪಕ್ಷಗಳಿಗೆ ಬೆಂಬಲವಾಗಿ ನಿಂತವು. ಆದರೂ 2016ರ ಫೆಬ್ರವರಿಯಲ್ಲಿ ಆ ಎರಡು ರಾಷ್ಟ್ರಗಳೇ ಕೂಡಿ ಕದನವಿರಾಮದ ನಿಬಂಧನೆಗಳನ್ನು ಗೊತ್ತುಮಾಡಿ ಲೋಕಕ್ಕೆ ಸಾರಿದವು. ಕಾದುತ್ತಿದ್ದ ಸಿರಿಯನ್ನರಿಗೆ ಒಪ್ಪಿಗೆಯನ್ನು ತಿಳಿಸುವ ಕೆಲಸವಷ್ಟೇ ಉಳಿಯಿತು. ಆ ವರ್ಷ ಮುಗಿಯುವುದರೊಳಗೆ ಅಲೆಪ್ಪೊ ನಗರದ ಪೂರ್ವಭಾಗವು ಹಾಳುಬಿದ್ದಿತ್ತು. ಹಗೆಗಳು ಕೈಕೂಡಿಸಿದರೆ ಶಾಂತಿಯು ತಾನಾಗಿ ಬರುವುದೆಂದು ನಂಬುವವರು ನಮ್ಮ ನಾಡಿನ ಚರಿತ್ರೆಯನ್ನೇ ಒಮ್ಮೆ ತೆರೆದು ನೋಡಲಿ.

ಆರ್ಕಾಟಿನ ನವಾಬಗಿರಿಗಾಗಿ 1749ರಲ್ಲಿ ಕಲಹವೆದ್ದಿತು. ಫ್ರೆಂಚರು ಚಂದಾಸಾಹೇಬನ ಬೆನ್ನಿಗೂ ಇಂಗ್ಲಿಷರು ಮಹಮ್ಮದಾಲಿಯ ಬೆನ್ನಿಗೂ ನಿಂತರು. ತಿರುಚನಾಪಳ್ಳಿಯ ಕೋಟೆಯಲ್ಲಿ ಸಿಕ್ಕಿಬಿದ್ದ ಮಹಮ್ಮದಾಲಿಯು ಮೈಸೂರಿನ ಸರ್ವಾಧಿಕಾರಿಯಾದ ಕಳಲೆಯ ನಂಜರಾಜಯ್ಯನ ನೆರವನ್ನು ಬೇಡಿ, ಪ್ರತಿಯಾಗಿ ಆ ಕೋಟೆಯನ್ನೇ ಬಿಟ್ಟುಕೊಡುವೆನೆಂದು ಗುಟ್ಟಾಗಿ ಮಾತುಕೊಟ್ಟನು. ನಂಜರಾಜಯ್ಯನು ಸೈನ್ಯವನ್ನೂ ಹಣವನ್ನೂ ಸುರಿದನು. 1752ರಲ್ಲಿ ಚಂದಾಸಾಹೇಬನು ಹತನಾದನು. ಮಾತು ಮಾತ್ರ ನಡೆಯಲಿಲ್ಲ. ಇಂಗ್ಲಿಷರೂ ಮಹಮ್ಮದಾಲಿಯ ಕಡೆಗೇ ನಿಂತರು. ಕೆರಳಿದ ನಂಜರಾಜಯ್ಯನು ಫ್ರೆಂಚರನ್ನು ಸೇರಿ ಅದೇ ಕೋಟೆಗೆ ಮುತ್ತಿಗೆ ಹಾಕಿದನು.

ಇಷ್ಟರಲ್ಲಿ ಆ ಎರಡು ಕಂಪನಿಗಳಿಗೂ ವೆಚ್ಚವು ಭಾರವಾಯಿತು. ವ್ಯಾಪಾರಿಗಳಿಗೆ ಹಗೆತನಕ್ಕಿಂತ ಲಾಭವು ಹಿರಿದಷ್ಟೆ! 1754ರ ಕೊನೆಯಲ್ಲಿ ಮದರಾಸಿನ ಸಾಂಡರ್ಸನೂ ಪುದುಚೇರಿಯ ಗೊಡೆಹೂ ಎಂಬವನೂ ಕೂಡಿ ಒಪ್ಪಂದಕ್ಕೆ ರುಜುಮಾಡಿದರು. ದೇಶೀಯ ರಾಜರ ಜಗಳಗಳಿಗೆ ಇನ್ನು ಕೈಹಾಕುವುದಿಲ್ಲವೆಂದು ಧರ್ಮಿಷ್ಠರಂತೆ ಬರೆದುಕೊಂಡರು. ಮೈಸೂರಿಗೆ ಅದರಿಂದ ಒಂದು ಗ್ರಾಮವೂ ದೊರೆಯಲಿಲ್ಲ. 1755ರಲ್ಲಿ ನಂಜರಾಜಯ್ಯನು ಬರಿಗೈಯಲ್ಲಿ ಶ್ರೀರಂಗಪಟ್ಟಣಕ್ಕೆ ಹಿಂದಿರುಗಿದನು. ಅದೇ ವರ್ಷ ಹೈದರಾಬಾದಿನ ಸಲಾಬತ್‌ಜಂಗನು ಕಪ್ಪ ಕೇಳಲು ಮೈಸೂರಿನ ಮೇಲೆ ಬಂದಾಗ ಅವನ ಸಂಗಡ ಇದ್ದವನು ಯಾರು? ಫ್ರೆಂಚ್ ಸೇನಾನಿ ಬುಸ್ಸಿ! ನಿನ್ನೆಯ ಮಿತ್ರರ ಮೈತ್ರಿಯ ಬೆಲೆ ಇಷ್ಟೇ.

ಈ ಲೆಕ್ಕವನ್ನು ತೀರಿಸಿದವರು ಯಾರೆಂಬುದನ್ನು ವಾಚಕಮಹಾಶಯರು ಗಮನಿಸಬೇಕು. ಬೊಕ್ಕಸವು ಬರಿದಾಗಿದ್ದಾಗ, 1757ರಲ್ಲಿ ಪೇಶ್ವೆ ಬಾಲಾಜಿರಾಯನು ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ 32 ಲಕ್ಷ ರೂಪಾಯಿಗಳಿಗೆ ಒಪ್ಪಿಸಿದನು. ಅಷ್ಟು ಹಣವಿಲ್ಲದೆ ಸೀಮೆಗಳನ್ನು ಒತ್ತೆಯಿಡಬೇಕಾಯಿತು. ಮರುವರ್ಷ ಸಂಬಳ ಕಾಣದ ಸಿಪಾಯಿಗಳು ನಂಜರಾಜಯ್ಯನ ಬಾಗಿಲಲ್ಲೇ ಧರಣಿ ಕುಳಿತರು. 1759ರಲ್ಲಿ ಮರಾಠರು ಮತ್ತೆ ಬಂದು ಬೆಂಗಳೂರನ್ನು ಮುತ್ತಿ ನಮ್ಮ ಚನ್ನಪಟ್ಟಣವನ್ನು ಹಿಡಿದರು. ಹೈದರಾಲಿಯ ದಂಡು ಅದನ್ನು ಮರಳಿ ಗೆದ್ದಿತು. ಎರಡು ದಂಡುಗಳು ತುಳಿದ ಹೊಲದಲ್ಲಿ ರಾಗಿ ಬೆಳೆದೀತೆ? ತಿರುಚನಾಪಳ್ಳಿಯ ಹೆಸರನ್ನೇ ಕೇಳದ ರೈತನು ತಿರುಚನಾಪಳ್ಳಿಯ ಸಾಲವನ್ನು ಹೊತ್ತನು.

ಕದನವಿರಾಮವು ಬೇಡವೆಂದು ನಾವು ಹೇಳುವುದಿಲ್ಲ. ಒಂದು ದಿನ ತುಪಾಕಿಯು ಸುಮ್ಮನಾದರೂ ಕೆಲವು ಜೀವಗಳು ಉಳಿಯುತ್ತವೆ. ಆದರೆ ಯಾವ ಕರಾರನ್ನಾದರೂ ನ್ಯಾಯಸ್ಥಾನದಲ್ಲಿ ಪರೀಕ್ಷಿಸುವಂತೆ ಇಂತಹ ಒಪ್ಪಂದಗಳನ್ನೂ ಪರೀಕ್ಷಿಸಬೇಕು. ರುಜು ಹಾಕಿದವರು ಯಾರು? ಯಾರ ಭೂಮಿಯ ವಿಷಯವೋ ಅವರು ಸಭೆಯಲ್ಲಿ ಕುಳಿತಿದ್ದರೆ? ವೆಚ್ಚವನ್ನು ಹೊರುವವರು ಯಾರು? ಕೋಣಗಳು ಕಾದಿದರೆ ಗಿಡಕ್ಕೆ ಕೇಡೆಂದು ಹಿರಿಯರು ಹೇಳುತ್ತಾರೆ. ಕಾದಾಟ ಬಿಟ್ಟು ಜೊತೆಯಾಗಿ ಮೇಯತೊಡಗಿದರೂ ಗಿಡವು ಉಳಿಯದು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಉಪಾಧ್ಯಾಯರು ಚರಿತ್ರೆಯ ಪಾಠದಲ್ಲಿ ಯುದ್ಧಗಳ ಇಸವಿಗಳನ್ನು ಬಾಯಿಪಾಠ ಮಾಡಿಸುವಾಗ ಈ ಮೂರು ಪ್ರಶ್ನೆಗಳನ್ನೂ ಮಕ್ಕಳಿಗೆ ಕಲಿಸಲಿ. ದೂರದೇಶದ ಕಲಹದಲ್ಲಿ ಪಾಲುಗೊಳ್ಳಿರೆಂದು ನಮ್ಮನ್ನು ಯಾರಾದರೂ ಕರೆದ ದಿನ ಅವು ಉಪಯೋಗಕ್ಕೆ ಬರುವುವು.