ಮೂಳೆ ಮುರಿದಿಲ್ಲ, ಆದರೆ ಕೈ ಆಗುವುದಿಲ್ಲ

ಮೂರು ಮಳೆಗಾಲದ ಹಿಂದೆ ತೋಟದ ಸಂಕ ದಾಟುವಾಗ ಜಾರಿ, ಬಲಗೈ ಊರಿ ಬಿದ್ದೆ. ಮಣಿಗಂಟು ಊದಿಕೊಂಡಿತು. ಎಕ್ಸ್‌ರೇ ನೋಡಿದ ವೈದ್ಯರು "ಮೂಳೆಗೇನೂ ಆಗಿಲ್ಲ, ಬರೀ ಉಳುಕು" ಅಂದರು. ನನಗೂ ಅಷ್ಟೇ ಬೇಕಿತ್ತು. ಅಡಿಕೆಗೆ ಮದ್ದು ಬಿಡುವ ಸಮಯ, ಕೂತರೆ ಆಗುತ್ತದೆಯೇ? ವಾರ ಕಳೆದು ಮತ್ತೆ ಹೋದಾಗ "ಹೇಗಿದೆ?" ಎಂದು ಕೇಳಿದರು. "ಅಡ್ಡಿಯಿಲ್ಲ" ಅಂದುಬಿಟ್ಟೆ. ತಪ್ಪಿದ್ದು ಅಲ್ಲೇ.

ಊತ ಇಳಿಯಿತು. ಕೈ ಮಡಚುತ್ತಿತ್ತು, ಬಿಚ್ಚುತ್ತಿತ್ತು. ಆದರೆ ತುಂಬಿದ ಕೊಡಪಾನ ಎತ್ತುವಾಗ, ಹಸು ಕರೆಯುವಾಗ, ನೆಲಕ್ಕೆ ಕೈಯೂರಿ ಏಳುವಾಗ ಒಳಗೆ 'ಟಕ್' ಎಂದು ನೋವು. ವರ್ಷದ ನಂತರ ಬೇರೊಬ್ಬ ತಜ್ಞರು ಎರಡೂ ಕೈಗಳ ಮುಷ್ಟಿ ಬಿಗಿ ಮಾಡಿಸಿ ಎಕ್ಸ್‌ರೇ ತೆಗೆಸಿದರು. ಬಲಗೈಯ ಎರಡು ಮೂಳೆಗಳ ನಡುವೆ ಸಂದು ಬಿಟ್ಟಿತ್ತು. ಲಿಗಮೆಂಟ್ ಹರಿದಿತ್ತು.

ಮಣಿಗಂಟಿನಲ್ಲಿ 8 ಸಣ್ಣ ಮೂಳೆಗಳಿವೆ. ಅವನ್ನು ಹಿಡಿದಿಡುವ ನಾರುಗಳೇ ಲಿಗಮೆಂಟ್‌ಗಳು. ಇವು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಸೊಪ್ಪಿನ ಹೊರೆಯ ಬಳ್ಳಿ ಸಡಿಲಾದರೆ ಒಂದೊಂದು ಗೆಲ್ಲೂ ಒಂದೊಂದು ಕಡೆ ವಾಲುವುದಿಲ್ಲವೇ? ಹಾಗೆಯೇ ಒಂದು ಮೂಳೆ ಅಂಗೈ ಕಡೆಗೆ, ಪಕ್ಕದ್ದು ಹಿಂದಕ್ಕೆ ವಾಲುತ್ತದೆ. ಹಾಗೇ ಬಿಟ್ಟರೆ ವರ್ಷಗಳಲ್ಲಿ ಉಜ್ಜಿ ಉಜ್ಜಿ ಸಂಧಿ ಸವೆಯಬಹುದು. ಬೇಗ ಗೊತ್ತಾದರೆ ಹೊಲಿದು ಸರಿಪಡಿಸುವ ಅವಕಾಶ ಹೆಚ್ಚು. ತಡವಾದರೆ ಕೆಲವು ಶಸ್ತ್ರಚಿಕಿತ್ಸೆಗಳಲ್ಲಿ ನೋವು ಕಡಿಮೆಯಾದರೂ ಕೈ ಬಾಗುವುದೇ ಕಡಿಮೆಯಾಗುತ್ತದೆ.

ನನ್ನ ಅಭಿಪ್ರಾಯ ಇಷ್ಟೆ. ಕೈ ಎಷ್ಟು ಡಿಗ್ರಿ ಬಾಗುತ್ತದೆ ಎಂದು ಅಳೆದರೆ ಸಾಲದು, ಅದರಿಂದ ಏನು ಕೆಲಸ ಆಗುತ್ತದೆ ಎಂದೂ ಕೇಳಬೇಕು. ಇದಕ್ಕೆಂದೇ 1998ರಲ್ಲಿ ಪ್ರಕಟವಾದ 15 ಪ್ರಶ್ನೆಗಳ ಪಟ್ಟಿಯೊಂದಿದೆ. 5 ನೋವಿನ ಬಗ್ಗೆ, 10 ಕೆಲಸದ ಬಗ್ಗೆ. ಅಂಕ ಕೊಡುವವನು ರೋಗಿಯೇ. ಅಂಗಿಯ ಗುಂಡಿ ಹಾಕಲಾಗುತ್ತದೆಯೇ, ಬಾಗಿಲ ಹಿಡಿ ತಿರುಗಿಸಲಾಗುತ್ತದೆಯೇ ಎಂದೆಲ್ಲ ಕೇಳುತ್ತಾರೆ. ಅಡಿಕೆ ಸುಲಿಯುವುದು, ಹಾಲು ಕರೆಯುವುದು ಅದರಲ್ಲಿಲ್ಲ. ಆದರೆ 'ನಿಮ್ಮ ಕೆಲಸ' ಎಂಬ ಪ್ರಶ್ನೆ ಇದೆ. ಅದರೊಳಗೆ ನಮ್ಮ ಕತ್ತಿ, ಹಾರೆ, ಕೊಡಪಾನ ತುಂಬಬೇಕಾದವರು ನಾವೇ.

ಬಿದ್ದು ಕೆಲವು ವಾರವಾದರೂ ಹಿಡಿತ ಬಾರದಿದ್ದರೆ ಮತ್ತೆ ತೋರಿಸಿ. ಹೋಗುವ ಮುಂಚೆ ಆಗದ ಕೆಲಸಗಳನ್ನು ಚೀಟಿಯಲ್ಲಿ ಬರಕೊಳ್ಳಿ. ಹಸು ಸಾಕುವ ನಾವು ಅದು ಮೇವು ಬಿಟ್ಟರೆ ಅದೇ ದಿನ ಡಾಕ್ಟರಿಗೆ ಎಲ್ಲ ವಿವರ ಹೇಳುತ್ತೇವೆ. ನಮ್ಮ ಕೈಗೆ ಮಾತ್ರ "ಅಡ್ಡಿಯಿಲ್ಲ". ನನ್ನ ಆ ಒಂದು ಮಾತಿಗೆ ಇವತ್ತು ಹಾಲು ಕರೆಯುವ ಕೆಲಸ ಎರಡು ಹೊತ್ತೂ ಹೆಂಡತಿಯ ಪಾಲಿಗೆ ಬಿದ್ದಿದೆ.