ನಿರಾಶ್ರಿತರ ಪರ ಮಾತಾಡೋರಿಗೆ ಕನ್ನಡ ಬೇಡವೇ?

ನಮ್ಮ ಸಂಘದ ವಾಟ್ಸಾಪ್ ಗುಂಪಿಗೆ ಒಂದು ಉದ್ಯೋಗ ಪ್ರಕಟಣೆ ಬಂದಿತ್ತು. ನಿರಾಶ್ರಿತರಿಗೆ ನೆರವು ನೀಡುವ ಸಂಸ್ಥೆಯೊಂದರಲ್ಲಿ 'ಅಡ್ವೊಕಸಿ ಮತ್ತು ಕಮ್ಯುನಿಕೇಷನ್ಸ್' ವಿಭಾಗ ನಡೆಸೋರು ಬೇಕಂತೆ. ಕೆಲಸ ಕರ್ನಾಟಕವೂ ಸೇರಿದ ಹಾಗೆ ದಕ್ಷಿಣ ಭಾರತದಲ್ಲಿ. ಇಂಗ್ಲಿಷ್ ಕಡ್ಡಾಯ, ಹಿಂದಿ ಬಂದರೆ ಒಳ್ಳೇದು. ಕನ್ನಡದ ಸುದ್ದಿಯೇ ಇಲ್ಲ. ಒಬ್ಬರು ಸೀನಿಯರ್ ಅರ್ಜಿ ಹಾಕ್ತೀನಿ ಅಂದರು. ಅಲ್ಲಿಂದ ಎರಡು ದಿನ ಗುಂಪಿನಲ್ಲಿ ವಾದವೋ ವಾದ. "ಬಿ.ಇ. ಓದಿ ಇದೇನು ಕೆಲಸ" ಅಂತ ಕೆಲವರು. "ನಮ್ಮೂರಿಗೇ ನೀರಿಲ್ಲ, ಎಲ್ಲಿಂದಲೋ ಬಂದವರ ಉಸಾಬರಿ ನಮಗ್ಯಾಕೆ" ಅಂತ ಇನ್ನು ಕೆಲವರು. ಈ ಎರಡನೇ ಮಾತು ಹೆಚ್ಚಾಗಿ ಬಂದಿದ್ದು ನಮ್ಮ ಕಡೆಯವರಿಂದಲೇ, ಅಂದರೆ ಮೊಳಕಾಲ್ಮೂರು, ಚಳ್ಳಕೆರೆ ಕಡೆಯಿಂದ ಬಂದವರಿಂದ. ಹಾಗಾಗಿ ಅದೇ ಕಡೆಯವರಾದ ನಾವು ಕೆಲವರು ಕೂತು ಇದನ್ನ ಬರೀತಿದ್ದೀವಿ.

ಮೊದಲು ಕೆಲಸ ಏನು ಅಂತ ನೋಡೋಣ. ಅಡ್ವೊಕಸಿಗೆ ಕನ್ನಡದಲ್ಲಿ ಒಳ್ಳೇ ಪದವೇ ಇದೆ: ವಕಾಲತ್ತು. ಕೋರ್ಟಿನದಷ್ಟೇ ಅಲ್ಲ. ತಾಲ್ಲೂಕು ಕಚೇರಿಯಲ್ಲಿ, ಡಿ.ಸಿ. ಕಚೇರಿಯಲ್ಲಿ, ಪೊಲೀಸ್ ಠಾಣೆಯಲ್ಲಿ, ಶಾಲೆಯ ಹೆಡ್ ಮಾಸ್ಟರ ಮುಂದೆ, ಬಾಡಿಗೆ ಮನೆ ಕೊಡದ ಮಾಲೀಕರ ಮುಂದೆ, ಇನ್ನೊಬ್ಬರ ಪರವಾಗಿ ನಿಂತು ಮಾತಾಡೋದು. ಕಮ್ಯುನಿಕೇಷನ್ಸ್ ಅಂದರೆ ಆ ಮಾತು ಯಾರಿಗೆ ಮುಟ್ಟಬೇಕೋ ಅವರಿಗೆ ಮುಟ್ಟಿಸೋದು. ಹಣ ಕೊಡೋ ದಾನಿಗಳಿಗೆ ವರದಿ ಬರೆಯೋದು ಇದರ ಒಂದು ತುಂಡು ಅಷ್ಟೇ. ಅದಕ್ಕೆ ಇಂಗ್ಲಿಷ್ ಸಾಕು. ಉಳಿದಿದ್ದಕ್ಕೆ ಸಾಕೇ?

ಪದದಿಂದಲೇ ತೊಡಕು ಶುರು. ಕನ್ನಡ ಪತ್ರಿಕೆಗಳಲ್ಲಿ 'ನಿರಾಶ್ರಿತ' ಅಂದರೆ ನೆರೆಯಲ್ಲಿ ಮನೆ ಬಿದ್ದವರೂ ಹೌದು, ಡ್ಯಾಮಿಗೆ ಊರು ಬಿಟ್ಟವರೂ ಹೌದು, ಯುದ್ಧಕ್ಕೆ ಹೆದರಿ ದೇಶ ಬಿಟ್ಟು ಬಂದವರೂ ಹೌದು. ಬೆಂಗಳೂರಿನಲ್ಲಿ ಭಿಕ್ಷುಕರನ್ನು ಇರಿಸುವ ಜಾಗದ ಹೆಸರೂ 'ನಿರಾಶ್ರಿತರ ಪರಿಹಾರ ಕೇಂದ್ರ'. ಇನ್ನು ನಮ್ಮ ಮನೆಗಳಲ್ಲಿ ಈ ಪದ ಕೇಳಿದ ತಕ್ಷಣ ಭಿಕ್ಷೆ ನೆನಪಾದರೆ ಆಶ್ಚರ್ಯವೇನು? ಹಿಂದಿಯವರು ಶರಣಾರ್ಥಿ ಅಂತಾರೆ. ನಮ್ಮ ಕಡೆ ಅದು ಹಿರಿಯರು ಎದುರಾದಾಗ ಕೈಮುಗಿದು ಹೇಳುವ ಮಾತು: ಶರಣು ಶರಣಾರ್ಥಿ! ಕಾನೂನಿನ ಅರ್ಥ ಇವೆಲ್ಲಕ್ಕಿಂತ ಬೇರೆ. ಧರ್ಮ, ಜನಾಂಗ, ರಾಷ್ಟ್ರೀಯತೆ, ರಾಜಕೀಯ ನಿಲುವು ಇಂಥ ಕಾರಣಕ್ಕೆ ಸ್ವಂತ ದೇಶದಲ್ಲಿ ಕಿರುಕುಳದ ಭಯ ಇದ್ದು, ಗಡಿ ದಾಟಿ ಬಂದು, ವಾಪಸ್ ಹೋಗಲಾರದವರು. ಹೀಗೆ ಹೇಳುವ 1951ರ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. 1967ರ ಪೂರಕ ಒಪ್ಪಂದಕ್ಕೂ ಇಲ್ಲ. ನಿರಾಶ್ರಿತರಿಗಾಗಿಯೇ ಒಂದು ಕಾನೂನು ನಮ್ಮಲ್ಲಿಲ್ಲ. 1946ರ ವಿದೇಶಿಯರ ಕಾಯ್ದೆಯಲ್ಲಿ ಪ್ರವಾಸಿಯೂ ಒಂದೇ, ಪ್ರಾಣ ಉಳಿಸಿಕೊಂಡು ಓಡಿ ಬಂದವರೂ ಒಂದೇ. 2025ರಲ್ಲಿ ಅದರ ಜಾಗಕ್ಕೆ ಹೊಸ ಕಾಯ್ದೆ ಬಂತು, ಆದರೆ ನಿರಾಶ್ರಿತರಿಗೆ ಪ್ರತ್ಯೇಕ ಕಾನೂನು ಬರಲಿಲ್ಲ. ಇರೋದು ಸಂವಿಧಾನದ 21ನೇ ವಿಧಿ. ಅದು 'ನಾಗರಿಕ' ಅನ್ನಲ್ಲ, 'ವ್ಯಕ್ತಿ' ಅನ್ನುತ್ತೆ. ಅರುಣಾಚಲದ ಚಕ್ಮಾ ಜನರನ್ನು ಓಡಿಸಲು ಹೊರಟಾಗ 1996ರಲ್ಲಿ ಸುಪ್ರೀಂ ಕೋರ್ಟು ಇದೇ ವಿಧಿ ಹಿಡಿದು ಅವರನ್ನು ಕಾಪಾಡಬೇಕು ಅಂತ ರಾಜ್ಯಕ್ಕೆ ಹೇಳಿತು. ಕಾನೂನು ಇಷ್ಟು ತೆಳ್ಳಗಿರೋ ಕಡೆ ಬದುಕು ನಡೆಯೋದು ಅಧಿಕಾರಿಗಳ, ನೆರೆಯವರ ಒಳ್ಳೇ ಮನಸ್ಸಿನ ಮೇಲೆ. ಆ ಮನಸ್ಸು ಕನ್ನಡದಲ್ಲಿ ಯೋಚಿಸುತ್ತೆ ಅನ್ನೋದೇ ನಮ್ಮ ವಾದದ ಬುಡ.

"ಎಲ್ಲಿಂದಲೋ ಬಂದವರು" ಅನ್ನೋರಿಗೆ ಒಂದು ಹಳೇ ಕತೆ. ಎಸ್. ನಿಜಲಿಂಗಪ್ಪನವರು 1957ರಲ್ಲಿ ವಿಧಾನಸಭೆಗೆ ಹೋದದ್ದು ಮೊಳಕಾಲ್ಮೂರು ಕ್ಷೇತ್ರದಿಂದ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು, ಹಿಂದೆಯೇ ಸಾವಿರಾರು ಟಿಬೆಟಿಯನ್ನರು. ಅವರಿಗೆ ಜಾಗ ಕೊಡಿ ಅಂತ ನೆಹರೂ ರಾಜ್ಯಗಳನ್ನು ಕೇಳಿದಾಗ ಮುಂದೆ ಬಂದದ್ದು ಮೈಸೂರು ರಾಜ್ಯ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ. ಕಾಡು ಕಡಿದು, ಆನೆ ಕಾಟ ತಡೆದು, ಕಂಡರಿಯದ ಸೆಕೆಯಲ್ಲಿ ಅವರು ಜೋಳ ಬೆಳೆದರು. ಇದಕ್ಕೆ ದಲೈ ಲಾಮಾ ಇವತ್ತಿಗೂ ನೆನೆಯೋದು ನಿಜಲಿಂಗಪ್ಪನವರ ಹೆಸರನ್ನೇ. ಇಲ್ಲಿ ಒಂದು ಸಣ್ಣ ತಿದ್ದುಪಡಿ: 1958ರಿಂದ 1962ರವರೆಗೆ ಮುಖ್ಯಮಂತ್ರಿ ಆಗಿದ್ದವರು ಬಿ.ಡಿ. ಜತ್ತಿ. ಬೈಲಕುಪ್ಪೆ ಶುರುವಾದಾಗ ಕುರ್ಚಿಯಲ್ಲಿದ್ದವರು ಅವರು. 1966ರಲ್ಲಿ ಮುಂಡಗೋಡಿನ ವಸತಿ ಆದಾಗ ಮಾತ್ರ ನಿಜಲಿಂಗಪ್ಪನವರೇ ಇದ್ದರು. ಜತ್ತಿಯವರ ಹೆಸರು ಈ ಕತೆಯಲ್ಲಿ ಯಾರ ಬಾಯಲ್ಲೂ ಬರಲ್ಲ ಅನ್ನೋದು ನಮಗೆ ಸ್ವಲ್ಪ ಬೇಜಾರು. ಆದರೆ ನಿಜಲಿಂಗಪ್ಪನವರ ಹೆಸರಾದರೂ ನಮ್ಮ ಕಡೆ ಈ ಕಾರಣಕ್ಕೆ ಗೊತ್ತಿದೆಯೇ? ನಮ್ಮ ಕ್ಷೇತ್ರದಿಂದ ಆರಿಸಿ ಹೋದವರನ್ನು ಹಿಮಾಲಯದಾಚೆಯ ಒಂದು ಜನಾಂಗ ಮೂರು ತಲೆಮಾರು ನೆನೀತಿದೆ, ನಮಗೆ ಅದನ್ನ ಯಾರೂ ಹೇಳಲಿಲ್ಲ. ಚಳಿಗಾಲಕ್ಕೆ ಸ್ವೆಟರ್ ಮಾರಲು ಬರೋ ಟಿಬೆಟಿಯನ್ನರನ್ನ 'ನೇಪಾಳಿಯೋರು' ಅಂತ ಕರೆದು ಚೌಕಾಸಿ ಮಾಡಿ ಸುಮ್ಮನಾಗ್ತೀವಿ.

ಇನ್ನೊಂದು ಸಂಗತಿ ನಮ್ಮನ್ನೇ ಬೆಚ್ಚಿಬೀಳಿಸಿತು. ಮೈರಾಡ ಅನ್ನೋ ಸಂಸ್ಥೆಯ ಹೆಸರು ಚಿತ್ರದುರ್ಗ ಜಿಲ್ಲೆಯಲ್ಲಿ ಕೇಳಿರ್ತೀರಿ. ಅದರ ಪೂರ್ತಿ ಹೆಸರು 'ಮೈಸೂರು ರೀಸೆಟ್ಲ್‌ಮೆಂಟ್ ಅಂಡ್ ಡೆವಲಪ್‌ಮೆಂಟ್ ಏಜೆನ್ಸಿ'. ಆ 'ರೀಸೆಟ್ಲ್‌ಮೆಂಟ್' ಯಾರದು? ಟಿಬೆಟಿಯನ್ನರದು. 1968ರಲ್ಲಿ ಹುಟ್ಟಿದ್ದೇ ಅವರಿಗೆ ನೆಲೆ ಕಲ್ಪಿಸಲು. ಆ ಕೆಲಸ ಮುಗಿಯುತ್ತಾ ಬಂದಂತೆ ಅದು ಒಣಭೂಮಿಯ ಹಳ್ಳಿಗಳ ಕಡೆ ತಿರುಗಿತು. 1980ರ ದಶಕದಲ್ಲಿ ಸಣ್ಣ ಸಣ್ಣ ಉಳಿತಾಯದ ಗುಂಪುಗಳನ್ನು ಕಟ್ಟಿತು, ನಬಾರ್ಡ್ ಕೈಜೋಡಿಸಿತು, 1992ರಲ್ಲಿ ಆ ಗುಂಪುಗಳಿಗೆ ಬ್ಯಾಂಕ್ ಸಾಲದ ಜೋಡಣೆ ಬಂತು. ಇವತ್ತು ನಮ್ಮ ಅಮ್ಮಂದಿರು ವಾರವಾರ ಪುಸ್ತಕ ಹಿಡಿದು ಹೋಗ್ತಾರಲ್ಲ 'ಸಂಘ', ಅದರ ಬೇರುಗಳಲ್ಲಿ ಒಂದು ಇಲ್ಲಿದೆ. ನಮ್ಮಲ್ಲಿ ಕೆಲವರ ಮೊದಲ ವರ್ಷದ ಫೀಸು ಕಟ್ಟಿದ್ದು ಅದೇ ಸಂಘದ ಸಾಲದಲ್ಲಿ. ನಿರಾಶ್ರಿತರಿಗೆ ಮಾಡಿದ ಕೆಲಸ ಊರವರಿಂದ ಕಿತ್ತುಕೊಂಡದ್ದು ಅನ್ನೋ ಲೆಕ್ಕ ಇಲ್ಲಿ ಕೂಡೋದಿಲ್ಲ.

ಹಾಗಂತ ವಿರುದ್ಧ ವಾದ ಮಾಡಿದ ಗೆಳೆಯರ ಸಿಟ್ಟು ಸುಳ್ಳಲ್ಲ. ಚಳ್ಳಕೆರೆಯ ಅಮೃತಮಹಲ್ ಕಾವಲನ್ನೇ ತಗೊಳ್ಳಿ. ದೊಡ್ಡಉಳ್ಳಾರ್ತಿ, ಕುದಾಪುರದ ಸುತ್ತ ಸುಮಾರು 10,000 ಎಕರೆ ಹುಲ್ಲುಗಾವಲು ಡಿ.ಆರ್.ಡಿ.ಒ., ಇಸ್ರೋ, ಬಾರ್ಕ್, ಐ.ಐ.ಎಸ್ಸಿ. ಪಾಲಾಯಿತು. ಕುರಿ ಮೇಯಿಸಿ, ಅದೇ ಉಣ್ಣೆಯಲ್ಲಿ ಕಂಬಳಿ ನೇಯ್ದು ಬದುಕಿದ ಮನೆಗಳು ಅಲ್ಲಿದ್ದವು. ಜನ ಹಸಿರು ನ್ಯಾಯಮಂಡಳಿವರೆಗೂ ಹೋದರು. ಅವರನ್ನು ಯಾವ ಕಾನೂನೂ 'ನಿರಾಶ್ರಿತರು' ಅನ್ನಲ್ಲ, ಗಡಿ ದಾಟಿಲ್ಲವಲ್ಲ. ನಾವು ಇಂಜಿನಿಯರಿಂಗ್ ಓದುವವರು, ಅದೇ ಸಂಸ್ಥೆಗಳಲ್ಲಿ ಇಂಟರ್ನ್‌ಶಿಪ್ ಸಿಕ್ಕರೆ ಸ್ಟೇಟಸ್ ಹಾಕ್ತೀವಿ. ಇದನ್ನ ಬಚ್ಚಿಟ್ಟು ಮಾತಾಡೋದು ಬೇಡ. ಆದರೆ ಕಾವಲಿನ ಕುರಿಗಾರರಿಗೆ ಏನು ಕೊರತೆಯಾಗಿತ್ತೋ ಅದೇ ಕೊರತೆ ನಿರಾಶ್ರಿತರಿಗೂ ಇದೆ: ಕಡತದಲ್ಲಿ ಅವರ ಪರವಾಗಿ, ಅವರ ಮಾತಿನಲ್ಲಿ, ಸಮಯಕ್ಕೆ ಸರಿಯಾಗಿ ಬರೆಯೋರು ಇಲ್ಲದ್ದು. ಒಬ್ಬರಿಗೆ ಸಿಕ್ಕಿಲ್ಲ ಅಂತ ಇನ್ನೊಬ್ಬರಿಗೂ ಬೇಡ ಅಂದರೆ ಕುರಿಗಾರರಿಗೆ ಒಂದು ಗೇಣು ಹುಲ್ಲೂ ವಾಪಸ್ ಬರಲ್ಲ.

2020ರ ಜನವರಿಯದು ಇನ್ನೂ ಹತ್ತಿರದ ಪಾಠ. ಬೆಂಗಳೂರಿನ ಕರಿಯಮ್ಮನ ಅಗ್ರಹಾರದಲ್ಲಿ ಗುಡಿಸಲುಗಳಿದ್ದವು. ಅಲ್ಲಿರೋರು ಅಕ್ರಮ ಬಾಂಗ್ಲಾದೇಶಿಗಳು ಅಂತ ಒಂದು ವಿಡಿಯೊ ಹರಿದಾಡಿತು. ಕೆಲವೇ ದಿನದಲ್ಲಿ ಜೆ.ಸಿ.ಬಿ. ಬಂತು. ಗುಡಿಸಲು ಕಳಕೊಂಡವರಲ್ಲಿ ಅಸ್ಸಾಮಿನವರಿದ್ದರು, ಅವರ ಜೊತೆಗೆ ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಅಚ್ಚ ಕನ್ನಡದವರೂ ಇದ್ದರು. ಆಧಾರ್, ವೋಟರ್ ಕಾರ್ಡ್ ಹಿಡಿದು ನಿಂತರು. ಆಮೇಲೆ ಹೈಕೋರ್ಟ್ ಇದು ತಪ್ಪು ಅಂತ ಹೇಳಿತು, ಆದರೆ ಗುಡಿಸಲು ಅಷ್ಟರಲ್ಲಿ ಮಣ್ಣಾಗಿತ್ತು. ಶೇಂಗಾ ಕೈಕೊಟ್ಟ ವರ್ಷ ನಮ್ಮ ತಾಲ್ಲೂಕುಗಳಿಂದಲೂ ಗುಳೆ ಹೋಗ್ತಾರೆ. ಶೆಡ್ಡು ಹಾಕೋದು ಇಂಥ ಖಾಲಿ ಜಾಗಗಳಲ್ಲೇ. ನಮ್ಮ ಗಡಿ ಹಳ್ಳಿಯವರಂತೂ ರಾಯದುರ್ಗದ ಕಡೆಯ ತೆಲುಗು ಬೆರೆಸಿ ಮಾತಾಡೋರು. ಬೆಂಗಳೂರಲ್ಲಿ ಯಾರಾದರೂ "ನೀವು ಎಲ್ಲಿಯೋರು" ಅಂತ ಗದರಿಸಿದರೆ ಅವರ ಕನ್ನಡವೇ ತಡವರಿಸುತ್ತೆ. ನಿರಾಶ್ರಿತ ಯಾರು, ವಲಸೆ ಕೂಲಿ ಯಾರು ಅಂತ ಕನ್ನಡದಲ್ಲಿ ತಿಳಿಯಾಗಿ ಹೇಳುವ ಒಂದು ದನಿ ಅವತ್ತು ಆ ವಿಡಿಯೊದಷ್ಟೇ ಬೇಗ ಓಡಬೇಕಿತ್ತು.

ಈ ಹುದ್ದೆಗೆ ಬರೋರು ಏನು ಮಾಡಬೇಕು ಅನ್ನೋದರಲ್ಲಿ ನಮಗೆ ಎರಡು ಹಟ ಇದೆ. ಒಂದು, ದಾನಿಗಿಂತ ಮೊದಲು ನೆರೆಯವರ ಹತ್ತಿರ ಹೋಗಬೇಕು. ಸಿಂಧನೂರಿನ ಆರ್.ಎಚ್. ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳು, ಸುಳ್ಯದ ರಬ್ಬರ್ ತೋಟಗಳಲ್ಲಿ 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಡಿ ಬಂದ ತಮಿಳರು ದಶಕಗಳಿಂದ ಇದ್ದಾರೆ. ಅವರ ದಿನದಿನದ ಬದುಕು ಇರೋದು ಪಕ್ಕದ ಹಳ್ಳಿಯವರ ಜೊತೆ, ಜಿನೀವಾದ ಜೊತೆ ಅಲ್ಲ. ನೀರಿನ ಪಾಳಿಗೋ, ದನ ಹೊಲಕ್ಕೆ ನುಗ್ಗಿದ್ದಕ್ಕೋ ಜಗಳ ಬಂದಾಗ ಇಂಗ್ಲಿಷ್ ವರದಿ ಕೆಲಸಕ್ಕೆ ಬರಲ್ಲ.

ಎರಡು, ಫೋಟೊ. ಬರಗಾಲದಲ್ಲಿ ನಮ್ಮ ಕಡೆ ಕ್ಯಾಮೆರಾದವರು ಬಂದರೆ ಮೂರೇ ಚಿತ್ರ ತೆಗೆಯೋದು: ಬಿರುಕು ಬಿಟ್ಟ ಕೆರೆಯಂಗಳ, ಖಾಲಿ ಕೊಡ, ಅದರ ಪಕ್ಕ ಒಬ್ಬ ಅಜ್ಜಿ. ಅಜ್ಜಿಯ ಹೆಸರು ಕೇಳಲ್ಲ, ಮೊಮ್ಮಗ ರೇಷ್ಮೆ ಸೀರೆ ನೇಯೋದು, ಮೊಮ್ಮಗಳು ನರ್ಸಿಂಗ್ ಓದೋದು ಚಿತ್ರದಲ್ಲಿ ಬರಲ್ಲ. ಆ ಚಿತ್ರ ನೋಡಿ ಹೊಟ್ಟೆ ಉರಿದುಕೊಂಡಿದ್ದು ನಾವೇ ಅಲ್ಲವೇ? ನಿರಾಶ್ರಿತರ ಮಕ್ಕಳ ಅಳುವ ಮುಖ ತೋರಿಸಿ ದುಡ್ಡು ಎತ್ತೋದೂ ಅದೇ ಜಾತಿಯದ್ದು. ಅವರಿಗಂತೂ ಮುಖ ತೋರಿಸಿದರೆ ಊರಲ್ಲಿ ಉಳಿದ ನೆಂಟರಿಗೆ ಅಪಾಯವೂ ಇರಬಹುದು. ಕೇಳಿ ತೆಗೀಬೇಕು, ಎಲ್ಲಿ ಹಾಕ್ತೀವಿ ಅಂತ ಅವರ ಭಾಷೆಯಲ್ಲೇ ಹೇಳಬೇಕು, ಬೇಡ ಅಂದರೆ ಕ್ಯಾಮೆರಾ ಚೀಲಕ್ಕೆ.

ವಕಾಲತ್ತು ಅಂದರೆ ಕಣ್ಣೀರಷ್ಟೇ ಅಲ್ಲ ಅನ್ನೋದಕ್ಕೂ ಒಂದು ಉದಾಹರಣೆ. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರು ಅಂತ ಪೌರತ್ವ ಕಾಯ್ದೆಯಲ್ಲೇ ಇದೆ. ಟಿಬೆಟಿಯನ್ನರಿಗೂ ಇದು ಅನ್ವಯಿಸುತ್ತೆ ಅಂತ 2010ರಲ್ಲಿ ದೆಹಲಿ ಹೈಕೋರ್ಟು, ಆಮೇಲೆ ನಮ್ಮ ಕರ್ನಾಟಕ ಹೈಕೋರ್ಟೂ ಹೇಳಿತು. ಅಷ್ಟು ವರ್ಷ ಆ ಸಾಲು ಪುಸ್ತಕದಲ್ಲೇ ಇತ್ತು. ಓದಿ, ಕೇಳೋರು ಬೇಕಾಗಿತ್ತು. ದೊಡ್ಡ ಕೋಡ್‌ನಲ್ಲಿ ಒಂದು ಸಾಲು ಹುಡುಕೋದು ನಮಗೇನು ಹೊಸದೇ?

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನ ಇದೆ. ಒಂದೇ ಸಂದೇಶ, ಸುತ್ತಮುತ್ತ ಮೂರು ಕಡೆ. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆ ಪತ್ರ ಮೊದಲು ಅವರ ಆರೋಗ್ಯ ವಿಚಾರಿಸುತ್ತೆ, ಆಮೇಲೆ ವಿಷಯಕ್ಕೆ ಬರುತ್ತೆ. ಕೊರೆದವನು ಕೊನೆಗೆ ತನ್ನ ಹೆಸರನ್ನೂ ಹಾಕಿದ್ದಾನೆ: ಚಪಡ, ಲಿಪಿಕಾರ. ಆದರೆ ಭಾಷೆ ಪ್ರಾಕೃತ. 1892ರಲ್ಲಿ ಬಿ.ಎಲ್. ರೈಸ್ ಬಂದು ಗುರುತಿಸುವವರೆಗೂ ಆ ಬಂಡೆಯ ಪಕ್ಕದಲ್ಲೇ ದನ ಮೇಯಿಸಿದ ನಮ್ಮ ಹಿರಿಯರಿಗೆ ಅದು ಬರೀ ಗೀಚು.

ನಮ್ಮ ಸಂಘದಿಂದ ಮಾಡಬಹುದಾದ್ದು ಚಿಕ್ಕದು. ಟಿಬೆಟಿಯನ್ನರ ನೋಂದಣಿ ಪತ್ರ ಅಂದರೇನು, ಅದನ್ನ ನವೀಕರಿಸೋದು ಎಲ್ಲಿ, ನಿರಾಶ್ರಿತರ ಮಗುವಿಗೆ ಶಾಲೆ ಸೇರಿಸಲು ಏನು ಬೇಕು, ಬಾಡಿಗೆ ಮನೆ ಕೊಡುವವರು ಏನು ಕೇಳಬಹುದು, ಇವನ್ನೆಲ್ಲ ಒಂದೊಂದು ಪುಟದಲ್ಲಿ ಹಳ್ಳಿಯವರಿಗೆ ಅರ್ಥವಾಗೋ ಕನ್ನಡದಲ್ಲಿ ಬರೀಬೇಕು. ಕಾನೂನು ಕಾಲೇಜಿನ ಗೆಳೆಯರಿಗೆ ತೋರಿಸಿ ತಿದ್ದಿಸಬೇಕು. ತೆಲುಗು ಚೆನ್ನಾಗಿ ಬರೋರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರು ತೆಲುಗಿಗೂ ಮಾಡಲಿ. 'ನಿರಾಶ್ರಿತ' ಪದಕ್ಕೆ ಇದಕ್ಕಿಂತ ಒಳ್ಳೇದು ಹೊಳೆದರೆ ಕಳಿಸಿ, 'ಆಶ್ರಯ ಬೇಡಿ ಬಂದವರು' ಅನ್ನೋದು ಸದ್ಯಕ್ಕೆ ನಮ್ಮ ಪಟ್ಟಿಯಲ್ಲಿ ಮೊದಲು. ಸೀನಿಯರ್ ತಮ್ಮ ಅರ್ಜಿಯನ್ನು ಇಂಗ್ಲಿಷಿನ ಜೊತೆ ಕನ್ನಡದಲ್ಲೂ ಬರೆದು ಕಳಿಸಿದ್ದಾರೆ. ಓದೋರು ಆ ಕಚೇರಿಯಲ್ಲಿ ಇದ್ದಾರೋ ಇಲ್ಲವೋ, ಉತ್ತರ ಬಂದಾಗ ತಿಳಿಯುತ್ತೆ.