ತಾನಾಗಿ ಆರಿಹೋಗುವ ಕಂಪ್ಯೂಟರು

ವಾಚಕ ಮಹಾಶಯರಲ್ಲಿ ಹಲವರು, ಅದರಲ್ಲಿಯೂ ಗೃಹಿಣಿಯರು, ಈಚೆಗೆ ಒಂದೇ ತೆರನಾದ ಪ್ರಶ್ನೆಯನ್ನು ಬರೆದು ಕೇಳುತ್ತಿರುವರು. ಮನೆಯ ಕಂಪ್ಯೂಟರು ಕೆಲಸದ ನಡುವೆ, ಯಾರೂ ಗುಂಡಿಯನ್ನು ಮುಟ್ಟದಿರುವಾಗಲೇ, ಗಾಳಿಗೆ ದೀಪವಾರಿದಂತೆ ಆರಿಹೋಗುತ್ತದೆ. ಮತ್ತೆ ಹೊತ್ತಿಸಿದರೆ ಏನೂ ಆಗದಂತೆ ಏಳುತ್ತದೆ. ಸ್ವಲ್ಪ ಹೊತ್ತಿನಲ್ಲಿ ಪುನಃ ಅದೇ ಅವಸ್ಥೆ. ರಿಪೇರಿ ಅಂಗಡಿಯವನೊಬ್ಬನು ಒಳಗಿನ ಭಾಗವನ್ನು ಬದಲಾಯಿಸಬೇಕೆನ್ನುವನು. ಇನ್ನೊಬ್ಬನು ಯಂತ್ರವನ್ನೇ ಬದಲಾಯಿಸಿರೆನ್ನುವನು. ಇವರಲ್ಲಿ ಯಾರನ್ನು ನಂಬತಕ್ಕದ್ದು?

ಇಬ್ಬರನ್ನು ನಂಬುವುದಕ್ಕೂ ಮೊದಲು ಯಂತ್ರವನ್ನೇ ವಿಚಾರಿಸಬೇಕೆಂದು ನನ್ನ ಅಭಿಪ್ರಾಯ. ಕಾರಣವಿಲ್ಲದೆ ಕಾರ್ಯವು ಹುಟ್ಟದೆಂಬುದು ನಮ್ಮ ತಾರ್ಕಿಕರು ಒಪ್ಪಿದ ಮಾತು. ಆ ಕಾರಣವನ್ನು ಗೊತ್ತುಮಾಡುವುದಕ್ಕೆ ಅವರು ತೋರಿಸಿದ ದಾರಿಯು ಅನ್ವಯ-ವ್ಯತಿರೇಕ: ಇದು ಇದ್ದಾಗ ಅದು ಇರುವುದೇ, ಇದು ಇಲ್ಲದಿದ್ದಾಗ ಅದೂ ಇಲ್ಲವೇ ಎಂದು ಎರಡು ಬಗೆಯಿಂದಲೂ ನೋಡುವುದು. ಅನ್ನಂಭಟ್ಟನ ತರ್ಕಸಂಗ್ರಹವನ್ನೋದಿದ ಬಾಲಕನೂ ಅಡಿಗೆಮನೆಯಲ್ಲಿ ಹೊಗೆಯೊಡನೆ ಬೆಂಕಿಯುಂಟು, ಮಡುವಿನಲ್ಲಿ ಬೆಂಕಿಯಿಲ್ಲವಾದುದರಿಂದ ಹೊಗೆಯೂ ಇಲ್ಲವೆಂದು ಬಲ್ಲನು. (ಗ್ಯಾಸಿನ ಒಲೆಯಲ್ಲಿ ಹೊಗೆಯೆಲ್ಲಿ ಎಂದು ನನ್ನ ಶಿಷ್ಯನೊಬ್ಬನು ಆಕ್ಷೇಪಿಸಿದ್ದನು. ಹೊಗೆಯಿಂದ ಬೆಂಕಿಯನ್ನು ಊಹಿಸುವೆವೇ ಹೊರತು ಬೆಂಕಿಯಿಂದ ಹೊಗೆಯನ್ನಲ್ಲವೆಂದು ಅವನಿಗೆ ಉತ್ತರ ಹೇಳಬೇಕಾಯಿತು.)

ವಿಚಾರಕ್ಕೆ ತೊಡಗುವ ಮುನ್ನ ಮಾಡಬೇಕಾದ ಕೆಲಸವೊಂದುಂಟು. ಯಂತ್ರವು ಕಡತವನ್ನು ಬರೆಯುತ್ತಿರುವಾಗಲೇ ವಿದ್ಯುತ್ತು ಕಡಿದರೆ ಆ ಕಡತವು ಕೆಡಬಹುದು. ಇದು ಮೇಲಿಂದ ಮೇಲೆ ನಡೆದರೆ ಅಪಾಯವೂ ಹೆಚ್ಚುವುದು. ಆದುದರಿಂದ ಮನೆಯ ಲೆಕ್ಕಪತ್ರ, ಮಕ್ಕಳ ಬರವಣಿಗೆ, ತೀರಿಕೊಂಡ ಹಿರಿಯರ ಭಾವಚಿತ್ರ ಮುಂತಾದವುಗಳನ್ನು ಆ ದಿನವೇ ಪೆನ್‌ಡ್ರೈವಿಗೋ ಹೊರಗಿನ ಡಿಸ್ಕಿಗೋ ನಕಲು ಮಾಡಿಡತಕ್ಕದ್ದು. ಯಂತ್ರವನ್ನು ಅಂಗಡಿಯಲ್ಲಿ ಕೊಳ್ಳಬಹುದು; ಅಜ್ಜಿಯ ಭಾವಚಿತ್ರವನ್ನು ಯಾವ ಅಂಗಡಿಯಲ್ಲಿ ಕೊಳ್ಳುವಿರಿ?

ಇದಾದ ಮೇಲೆ ಒಂದು ಸಣ್ಣ ನೋಟುಪುಸ್ತಕವನ್ನು ಯಂತ್ರದ ಬಳಿಯಲ್ಲಿಡಿರಿ. ಎಷ್ಟು ಗಂಟೆಗೆ ಹೊತ್ತಿಸಿದಿರಿ, ಎಷ್ಟು ನಿಮಿಷಗಳ ಮೇಲೆ ನಿಂತಿತು, ಆಗ ಏನು ಕೆಲಸ ನಡೆಯುತ್ತಿತ್ತು, ಮನೆಯ ದೀಪವು ಮಿನುಗಿತೇ, ಒಳಗಿನ ಫ್ಯಾನು ಜೋರಾಗಿ ಕೂಗುತ್ತಿತ್ತೇ, ಇಷ್ಟನ್ನು ಒಂದು ವಾರ ಬರೆದಿಟ್ಟರೆ ಸಾಕು. ವಿಂಡೋಸ್ ಇರುವ ಯಂತ್ರವು ತಾನೂ ಇಂತಹ ದಿನಚರಿಯನ್ನು ಬರೆಯುತ್ತಿರುತ್ತದೆ; ಈವೆಂಟ್ ವ್ಯೂವರ್ ಎಂಬುದನ್ನು ತೆರೆದು ಸಿಸ್ಟಮ್ ಎಂಬ ಭಾಗದಲ್ಲಿ ನೋಡಬಹುದು. ೧೦೭೪ ಎಂಬ ಸಂಖ್ಯೆಯಿದ್ದರೆ ಯಾವುದೋ ಪ್ರೋಗ್ರಾಮು ಇಲ್ಲವೆ ಮನೆಯವರೇ ಕ್ರಮವಾಗಿ ನಿಲ್ಲಿಸಿದರೆಂದರ್ಥ; ಅಪ್‌ಡೇಟುಗಳ ಉಪದ್ರವವು ಇಲ್ಲಿ ಹೊರಬೀಳುವುದು. ಕರ್ನಲ್-ಪವರ್ ೪೧ ಎಂದಿದ್ದರೆ ಕ್ರಮತಪ್ಪಿ ನಿಂತಿತೆಂದರ್ಥ. ಆದರೆ ಈ ೪೧ನ್ನು ಕಂಡೊಡನೆ ರೋಗವು ತಿಳಿಯಿತೆಂದು ಹಿಗ್ಗಬಾರದು. ಅದು ಮರಣದ ದಾಖಲೆಯೇ ಹೊರತು ಮರಣದ ಕಾರಣವನ್ನು ಹೇಳುವುದಿಲ್ಲ.

ಬಯಲುಸೀಮೆಯ ನಮ್ಮ ಊರುಗಳಲ್ಲಿ ನಾನು ಕಂಡಮಟ್ಟಿಗೆ ಮೊದಲನೆಯ ಅಪರಾಧಿಯು ಉಷ್ಣ. ಅದರ ಸಹಾಯಕನು ಧೂಳು. ನಮ್ಮ ನೆರೆಮನೆಯ ಸೋದರಿಯೊಬ್ಬರು ಸ್ತ್ರೀಶಕ್ತಿ ಸಂಘವೊಂದರ ಲೆಕ್ಕವನ್ನು ಬರೆಯುವವರು. ವೈಶಾಖ ಮಾಸದಲ್ಲಿ ಅವರ ಯಂತ್ರವು ದಿನವೂ ನಿಲ್ಲಲಾರಂಭಿಸಿತು. ಸಂಘದ ಹದಿನೈದು ಮಂದಿ ಹೆಂಗಸರ ಉಳಿತಾಯದ ಲೆಕ್ಕವೆಲ್ಲವೂ ಅದರಲ್ಲಿಯೇ ಇದ್ದಿತು. "ಮೇಷ್ಟ್ರೇ, ಇದರ ಆಯಸ್ಸು ಮುಗಿಯಿತಂತೆ, ಮದರ್‌ಬೋರ್ಡು ಹೋಗಿದೆಯಂತೆ, ಹೊಸದನ್ನೇ ಕೊಳ್ಳಬೇಕಂತೆ," ಎಂದು ಅವರು ಕಣ್ಣಿನಲ್ಲಿ ನೀರು ತಂದುಕೊಂಡರು. ಮೊದಲು ಲೆಕ್ಕವನ್ನು ನಕಲು ಮಾಡಿಸಿ, ಬಳಿಕ ನೋಟುಪುಸ್ತಕವನ್ನು ಬರೆಯಿಸಿದೆನು. ಬೆಳಗ್ಗೆ ಆರು ಗಂಟೆಗೆ ಕುಳಿತರೆ ಎರಡು ಗಂಟೆಯವರೆಗೂ ತಡೆಯಿಲ್ಲ. ಮಧ್ಯಾಹ್ನ ಮೂರಕ್ಕೆ ಕುಳಿತರೆ ಅರ್ಧ ಗಂಟೆಗೆ ಮುಂಚೆಯೇ ನಿಂತುಹೋಗುವುದು. ನಿಲ್ಲುವುದಕ್ಕೆ ಮೊದಲು ಫ್ಯಾನು ಗೋಳಿಡುವುದು, ಕೆಲಸವು ಮಂದವಾಗುವುದು. ವೈದ್ಯರು ರೋಗಕ್ಕೆ ಪೂರ್ವರೂಪವೆಂದು ಹೇಳುವುದು ಇಂತಹದನ್ನೇ. ಪ್ರೊಸೆಸರು ಎಂಬ ಭಾಗವು ಸುಮಾರು ೧೦೦ ಡಿಗ್ರಿ ಸೆಂಟಿಗ್ರೇಡಿನ, ಎಂದರೆ ಕುದಿಯುವ ನೀರಿನ, ಉಷ್ಣದವರೆಗೆ ಹೇಗೋ ತಾಳುವುದು. ಬಿಸಿಯೇರಿದಂತೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುವುದು. ಅದಕ್ಕೂ ತಣಿಯದಿದ್ದರೆ ಸುಟ್ಟುಹೋಗದಿರಲೆಂದು ಯಂತ್ರವನ್ನೇ ನಿಲ್ಲಿಸಿಬಿಡುವುದು. ನಾವು ರೋಗವೆಂದು ಬೈಯುವುದು ವಾಸ್ತವವಾಗಿ ಅದರ ಆತ್ಮರಕ್ಷಣೆ.

ಹೋಗಿ ನೋಡಲಾಗಿ, ಯಂತ್ರದ ಪೆಟ್ಟಿಗೆಯು ಮೇಜಿನ ಕೆಳಗಿನ ಬಾಗಿಲುಳ್ಳ ಕಪಾಟಿನಲ್ಲಿ ಕುಳಿತಿತ್ತು. ಧೂಳು ಬೀಳದಿರಲೆಂದು ಮನೆಯ ಅಜ್ಜಿಯವರು ಕಸೂತಿ ಹಾಕಿದ ಗವುಸೊಂದನ್ನು ಹೊಲಿದು, ಗಾಳಿಯಾಡುವ ರಂಧ್ರಗಳೆಲ್ಲ ಮುಚ್ಚುವಂತೆ ಅದಕ್ಕೆ ತೊಡಿಸಿದ್ದರು! ಗವುಸನ್ನು ತೆಗೆದು, ಕಪಾಟಿನ ಬಾಗಿಲನ್ನು ತೆರೆದು, ಅದೇ ಮಧ್ಯಾಹ್ನ ಮೂರು ಗಂಟೆಗೆ ಅದೇ ಲೆಕ್ಕವನ್ನು ಬರೆಯಹೇಳಿದೆನು. ಐದು ಗಂಟೆಯಾದರೂ ಯಂತ್ರವು ನಿಲ್ಲಲಿಲ್ಲ. ಬೇರೇನನ್ನೂ ಬದಲಾಯಿಸದೆ ಅದೊಂದನ್ನೇ ಬದಲಾಯಿಸಿದುದರಿಂದ ಸಂಶಯಕ್ಕೆ ಎಡೆಯುಳಿಯಲಿಲ್ಲ. ಅಜ್ಜಿಯವರು ಮಾತ್ರ ಎರಡು ದಿನ ನನ್ನೊಡನೆ ಮಾತನಾಡಲಿಲ್ಲ. ಈಗ ಆ ಗವುಸು, ಯಂತ್ರವು ತಣಿದ ಮೇಲೆ, ರಾತ್ರಿಯ ಹೊತ್ತಿನಲ್ಲಿ ಮಾತ್ರ ಅದಕ್ಕೆ ಸಲ್ಲುತ್ತಿದೆ.

ಮರುದಿನ ಪೆಟ್ಟಿಗೆಯನ್ನು ಬಿಚ್ಚಿದೆವು. ಫ್ಯಾನಿನ ಅಡಿಯಲ್ಲಿರುವ ಲೋಹದ ಪದರಗಳ ಸಂದಿನಲ್ಲಿ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಇದನ್ನು ತೆಗೆಯುವ ಕ್ರಮವನ್ನು ಹೇಳುವೆನು. ವಿದ್ಯುತ್ತಿನ ತಂತಿಯನ್ನು ಗೋಡೆಯಿಂದ ಕಿತ್ತಿಡಬೇಕು. ಒಳಗೆ ಕೈಯಿಡುವ ಮೊದಲು ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿ, ಮೈಯಲ್ಲಿರುವ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ಮೆತ್ತನೆಯ ಒಣ ಬ್ರಷ್ಷೇ ಸಾಕು; ಒದ್ದೆಬಟ್ಟೆಯು ಕೂಡದು. ಗಾಳಿಯೂದುವುದಾದರೆ ಫ್ಯಾನು ಗಿರ್ರನೆ ತಿರುಗದಂತೆ ಅದರ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಹಲವು ವರ್ಷ ಹಳೆಯದಾದ ಯಂತ್ರದಲ್ಲಿ ಪ್ರೊಸೆಸರಿಗೂ ಲೋಹಕ್ಕೂ ನಡುವೆ ಬಳಿದಿರುವ ಥರ್ಮಲ್ ಪೇಸ್ಟು ಒಣಗಿರುವುದುಂಟು. ಅದನ್ನು ಹೊಸದಾಗಿ ಬಳಿಯುವ ಕೆಲಸವನ್ನು ಬಲ್ಲವರಿಗೆ ಬಿಡುವುದು ಲೇಸು.

ಇನ್ನು ನೋಟುಪುಸ್ತಕದಲ್ಲಿ ಉಷ್ಣದ ಗುರುತೇ ಇಲ್ಲದೆ, ಹೊತ್ತುಗೊತ್ತಿಲ್ಲದೆ, ದೀಪವು ಮಿನುಗಿದಾಗಲೆಲ್ಲ ನಿಲ್ಲುವುದಾದರೆ, ವಿದ್ಯುತ್ತನ್ನು ಸಂಶಯಿಸಬೇಕು. ಕಂಪ್ಯೂಟರು ವಿದ್ಯುತ್ತಿಲ್ಲದೆ ತಾಳಬಲ್ಲುದು ಕಣ್ಣೆವೆಯಿಕ್ಕುವುದಕ್ಕಿಂತಲೂ ಕಡಮೆಯ ಹೊತ್ತು, ಸಾಮಾನ್ಯವಾಗಿ ಒಂದು ಸೆಕೆಂಡಿನ ಐವತ್ತನೆಯ ಒಂದು ಪಾಲಿನಷ್ಟು ಮಾತ್ರ. ಮನೆಯ ಇನ್ವರ್ಟರುಗಳಲ್ಲಿ ಅನೇಕಕ್ಕೆ ಯು.ಪಿ.ಎಸ್. ಎಂದೂ ನಾರ್ಮಲ್ ಎಂದೂ ಬರೆದ ಸಣ್ಣ ಸ್ವಿಚ್ಚೊಂದಿರುತ್ತದೆ. ಅದು ನಾರ್ಮಲ್ಲಿನಲ್ಲಿದ್ದರೆ ಕರೆಂಟು ಹೋದಾಗ ಬದಲಾವಣೆಯು ನಿಧಾನವಾಗಿ, ದೀಪ-ಫ್ಯಾನುಗಳಿಗೆ ಬಾಧೆಯಿಲ್ಲದಿದ್ದರೂ ಕಂಪ್ಯೂಟರು ನಿಲ್ಲಬಹುದು; ಸ್ವಿಚ್ಚನ್ನು ಸರಿಸಿದರೆ ಎಷ್ಟೋ ಮನೆಗಳಲ್ಲಿ ಕಾಸಿಲ್ಲದೆ ರೋಗ ವಾಸಿ. ಪ್ರತ್ಯೇಕ ಯು.ಪಿ.ಎಸ್. ಪೆಟ್ಟಿಗೆಯಿದ್ದರೆ ಅದರ ಬ್ಯಾಟರಿಯು ಕೆಲವು ವರ್ಷಗಳಲ್ಲಿ ಸವೆಯುವುದು. ಒಂದೆರಡು ದಿನ ಯಂತ್ರವನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಹಾಕಿ ನೋಡಿರಿ; ಕರೆಂಟಿರುವಾಗಲೂ ನಿಲ್ಲುತ್ತಿದ್ದುದು ಆಗ ನಿಲ್ಲದಿದ್ದರೆ ದೋಷವು ಯು.ಪಿ.ಎಸ್ಸಿನದು.

ಉಳಿದವುಗಳನ್ನು ಸಂಕ್ಷೇಪವಾಗಿ ಹೇಳುವೆನು. ಒತ್ತುವ ಗುಂಡಿಯೇ ಒಳಗೆ ಸಿಕ್ಕಿಕೊಂಡಿರಬಹುದು. ನಿಲ್ಲುವುದಕ್ಕೆ ಮುಂಚೆ ನೀಲಿಯ ಪರದೆಯು ಕಂಡರೆ ರ್‍ಯಾಮನ್ನು ವಿಂಡೋಸಿನ ಮೆಮೊರಿ ಡಯಾಗ್ನಸ್ಟಿಕ್ಕಿನಿಂದ ಪರೀಕ್ಷಿಸಬಹುದು. ಲ್ಯಾಪ್‌ಟಾಪಿನ ಬ್ಯಾಟರಿಯು ಉಬ್ಬಿ ಮೈ ಎತ್ತಿದ್ದರೆ ಆ ಕ್ಷಣವೇ ಉಪಯೋಗಿಸುವುದನ್ನು ನಿಲ್ಲಿಸಬೇಕು, ಅದು ಹೊತ್ತಿಕೊಳ್ಳುವುದುಂಟು. ವಿದ್ಯುತ್ತನ್ನು ಪರಿವರ್ತಿಸುವ ಎಸ್.ಎಂ.ಪಿ.ಎಸ್. ಎಂಬ ಲೋಹದ ಡಬ್ಬಿಯನ್ನಂತೂ ಮನೆಯಲ್ಲಿ ಯಾರೂ ಬಿಚ್ಚಲೇಕೂಡದು. ತಂತಿಯನ್ನು ಕಿತ್ತ ಮೇಲೆಯೂ ಅದರೊಳಗೆ ಪ್ರಾಣಾಪಾಯಕರವಾದ ವಿದ್ಯುತ್ತು ನಿಂತಿರಬಹುದು. ಸಂಶಯವು ಅದರ ಮೇಲಿದ್ದರೆ ಡಬ್ಬಿಯನ್ನು ಇಡಿಯಾಗಿಯೇ ಬದಲಾಯಿಸಿ ನೋಡುವುದು ಅಂಗಡಿಯವರ ಕೆಲಸ.

ಅಂಗಡಿಗೆ ಹೋಗಲೇಬೇಕಾದಾಗ ನೋಟುಪುಸ್ತಕವನ್ನು ಜೊತೆಯಲ್ಲಿ ಕೊಂಡೊಯ್ಯಿರಿ. ಒಮ್ಮೆಗೆ ಒಂದೇ ಭಾಗವನ್ನು ಬದಲಾಯಿಸಿ ಪರೀಕ್ಷಿಸುವಂತೆ ಕೇಳಿರಿ. ಮೂರನ್ನು ಕೂಡಿಯೇ ಬದಲಾಯಿಸಿದರೆ ಯಂತ್ರವು ನಡೆದೀತು, ಆದರೆ ಕೆಟ್ಟಿದ್ದುದು ಯಾವುದೆಂದು ಅವನಿಗೂ ತಿಳಿಯದು, ನಿಮಗೂ ತಿಳಿಯದು, ಹಣವು ಮಾತ್ರ ಮೂರರದು. ತೆಗೆದ ಹಳೆಯ ಭಾಗವನ್ನು ಕೇಳಿ ಹಿಂದಕ್ಕೆ ತೆಗೆದುಕೊಳ್ಳಿರಿ.